ಗುಹೆಯೊಳಗೆ ನಿಮ್ಮ ಉಸಿರು ಏನು ಮಾಡುತ್ತದೆ

ಬೆಟ್ಟದ ಊರೊಂದರ ಪಕ್ಕ ಪ್ರವಾಸಿಗರಿಗೆಂದು ತೆರೆದಿಟ್ಟ ಸುಣ್ಣಕಲ್ಲಿನ ಗುಹೆಗೆ ಹೋದವರಿಗೆ ಅಲ್ಲಿನ ಕ್ರಮ ಗೊತ್ತಿರುತ್ತದೆ. ಇಪ್ಪತ್ತೋ ಇಪ್ಪತ್ತೈದೋ ಜನರನ್ನು ಕಬ್ಬಿಣದ ಬಾಗಿಲ ಮುಂದೆ ನಿಲ್ಲಿಸಿಕೊಂಡು ಗೈಡ್ ಮೂರು ಮಾತು ಹೇಳುತ್ತಾರೆ: ಯಾವುದನ್ನೂ ಮುಟ್ಟಬೇಡಿ, ಹಾದಿ ಬಿಟ್ಟು ಇಳಿಯಬೇಡಿ, ಒಳಗೆ ಏನನ್ನೂ ತಿನ್ನಬೇಡಿ. ಉಸಿರಾಡಬೇಡಿ ಅಂತ ಮಾತ್ರ ಯಾರೂ ಹೇಳುವುದಿಲ್ಲ, ಹೇಳುವಂತೆಯೂ ಇಲ್ಲ. ಆದರೆ ಗುಹೆ ನೋಡಿಕೊಳ್ಳುವವರ ನಿದ್ದೆ ಕೆಡಿಸುವ ಸಂಗತಿಗಳಲ್ಲಿ ಅದೂ ಒಂದು. ಯಾಕೆ ಅಂತ ತಿಳಿಯಬೇಕಾದರೆ ಗುಹೆ ಹುಟ್ಟಿದ ಕಡೆಯಿಂದಲೇ ಶುರು ಮಾಡಬೇಕು. ಯಾಕೆಂದರೆ ಈ ಗುಹೆಯನ್ನು ಕೊರೆದದ್ದೂ ಒಂದು ಬಗೆಯ ಉಸಿರೇ.

ಕಲ್ಲನ್ನು ಕರಗಿಸಿದ್ದು ಯಾರು

ಸುಣ್ಣಕಲ್ಲು ಬಹುಮಟ್ಟಿಗೆ ಸಮುದ್ರದ ಕೂಸು. ಚಿಪ್ಪು, ಹವಳ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಕವಚ, ಇವೆಲ್ಲ ಕಡಲ ತಳದಲ್ಲಿ ಪದರ ಪದರವಾಗಿ ಕೂತು, ಒತ್ತಡಕ್ಕೆ ಸಿಕ್ಕಿ ಕಲ್ಲಾದವು. ಆಮೇಲೆ ಭೂಮಿಯ ಫಲಕಗಳು ಒಂದಕ್ಕೊಂದು ಒತ್ತಿ ಆ ಕಲ್ಲನ್ನೇ ಬೆಟ್ಟವಾಗಿ ಎತ್ತಿದವು. ಎವರೆಸ್ಟ್ ಶಿಖರದ ತುದಿಯಲ್ಲಿರುವುದೂ ಸುಣ್ಣಕಲ್ಲೇ, ಅದರಲ್ಲಿ ಕಡಲಜೀವಿಗಳ ಪಳೆಯುಳಿಕೆಗಳಿವೆ.

ಶುದ್ಧ ನೀರಿಗೆ ಈ ಕಲ್ಲು ಹೆಚ್ಚೇನೂ ಜಗ್ಗುವುದಿಲ್ಲ. ನೀರಿಗೆ ಇಂಗಾಲದ ಡೈಆಕ್ಸೈಡ್ ಸೇರಿದರೆ ಕಥೆ ಬೇರೆ. ಆಗ ಅದು ಕಾರ್ಬಾನಿಕ್ ಆಮ್ಲವೆಂಬ ತೀರಾ ಸೌಮ್ಯವಾದ ಆಮ್ಲವಾಗುತ್ತದೆ; ಸೋಡಾದಲ್ಲಿ ನಾಲಗೆಗೆ ಚುರುಗುಡುವುದು ಇದೇ. ಮಳೆ ಗಾಳಿಯಿಂದ ಸ್ವಲ್ಪ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಬರುತ್ತದೆ ಎಂದು ನಾವು ಶಾಲೆಯಲ್ಲಿ ಓದಿದ್ದೆವು. ಅದು ನಿಜ, ಆದರೆ ಮುಖ್ಯ ಕೆಲಸ ಅಲ್ಲಿ ನಡೆಯುವುದಿಲ್ಲ. ಹೊರಗಿನ ಗಾಳಿಯಲ್ಲಿ ಆ ಅನಿಲ ಇರುವುದೇ ಶೇಕಡ 0.04ರಷ್ಟು. ನೀರು ನಿಜವಾಗಿ ಹುಳಿಯಾಗುವುದು ನೆಲಕ್ಕೆ ಬಿದ್ದ ಮೇಲೆ. ಮಣ್ಣಿನೊಳಗೆ ಬೇರುಗಳು ಉಸಿರಾಡುತ್ತಿರುತ್ತವೆ, ಉದುರಿದ ಎಲೆಯನ್ನು ಕೊಳೆಸುವ ಬ್ಯಾಕ್ಟೀರಿಯಾ, ಶಿಲೀಂಧ್ರಗಳೂ ಉಸಿರಾಡುತ್ತಿರುತ್ತವೆ. ಆ ಉಸಿರು ಮಣ್ಣಿನ ಸಂದುಗಳಲ್ಲೇ ಸಿಕ್ಕಿಕೊಂಡು ಅಲ್ಲಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೊರಗಿಗಿಂತ ಹತ್ತಾರು ಪಟ್ಟು, ಕೆಲವೊಮ್ಮೆ ನೂರು ಪಟ್ಟು ಹೆಚ್ಚಿರುತ್ತದೆ. ಅದನ್ನು ಹಾದು ಇಳಿದ ನೀರಿಗೆ ಸುಣ್ಣಕಲ್ಲನ್ನು ತಿನ್ನುವ ಹಸಿವು ಬಂದಿರುತ್ತದೆ. ಅಂದರೆ ಗುಹೆಯ ಮೇಲಿನ ಕಾಡು ಬರಿಯ ಅಲಂಕಾರವಲ್ಲ. ಕೆಳಗಿನ ಖಾಲಿ ಜಾಗವನ್ನು ತೋಡುವ ಹುಳಿ ತಯಾರಾಗುವುದೇ ಅಲ್ಲಿ.

ನೀರು ಕಲ್ಲಿನ ಬಿರುಕು ಹಿಡಿದು ಇಳಿಯುತ್ತದೆ, ಬಿರುಕಿನ ಅಂಚು ಕರಗುತ್ತದೆ, ಅಗಲವಾದ ಬಿರುಕಿಗೆ ಇನ್ನಷ್ಟು ನೀರು ನುಗ್ಗುತ್ತದೆ. ಉಳ್ಳವನ ಮನೆಗೇ ಇನ್ನಷ್ಟು ಸೇರುವ ಹಾಗೆ, ಮೊದಲು ಸ್ವಲ್ಪ ಅಗಲವಾದ ಬಿರುಕೇ ಕೊನೆಗೆ ಸುರಂಗವಾಗುತ್ತದೆ. ಹತ್ತಿರದ ಉಳಿದ ಬಿರುಕುಗಳು ಬಡವಾಗಿಯೇ ಉಳಿಯುತ್ತವೆ.

ಇಲ್ಲಿ ಗೈಡ್ ಸಾಮಾನ್ಯವಾಗಿ ಹೇಳದ ಒಂದು ವಿಷಯವನ್ನು ಹೇಳಿಬಿಡುತ್ತೇನೆ. ಒಳಗೆ ಹೋದಾಗ ದೀಪ ಬಿದ್ದ ಕಡೆಯನ್ನಷ್ಟೇ ನೋಡದೆ ಹಾದಿಯ ಆಕಾರವನ್ನೂ ಗಮನಿಸಿ. ಕೊಳವೆಯ ಹಾಗೆ ದುಂಡಗಿದ್ದರೆ ಅದು ಅಂತರ್ಜಲ ಮಟ್ಟದ ಕೆಳಗೆ, ಪೂರ್ತಿ ನೀರು ತುಂಬಿಕೊಂಡಿದ್ದ ಕಾಲದಲ್ಲಿ ಆದದ್ದು. ತುಂಬಿದ ನೀರು ಎಲ್ಲ ಕಡೆಯೂ ಸಮನಾಗಿ ಕರಗಿಸುತ್ತದೆ, ಚಾವಣಿಯನ್ನೂ ಬಿಡುವುದಿಲ್ಲ. ಇಕ್ಕಟ್ಟಾಗಿ ಎತ್ತರಕ್ಕೆ ಸೀಳಿದ ಹಾಗಿದ್ದರೆ, ನೀರು ಇಳಿದುಹೋಗಿ ತಳದಲ್ಲಿ ಮಾತ್ರ ತೊರೆ ಹರಿಯುತ್ತಿದ್ದ ಕಾಲದ್ದು. ಮೇಲೆ ದುಂಡು, ಕೆಳಗೆ ಸೀಳು, ಹೀಗೆ ಬೀಗದ ತೂತಿನ ಆಕಾರ ಕಂಡರೆ ಎರಡೂ ಕಾಲಗಳನ್ನು ಒಂದೇ ನೋಟದಲ್ಲಿ ಕಂಡ ಹಾಗೆ. ಬೆಟ್ಟದ ಕಣಿವೆ ಆಳವಾದಂತೆ ಅಂತರ್ಜಲವೂ ಕೆಳಗಿಳಿಯುತ್ತದೆ, ಹಳೆಯ ಸುರಂಗ ಒಣಗಿ ಮೇಲೆ ಉಳಿಯುತ್ತದೆ. ಆದ್ದರಿಂದ ಬೆಟ್ಟದ ಗುಹೆಗಳಲ್ಲಿ ಸಾಮಾನ್ಯವಾಗಿ ಮೇಲಿನ ಅಂತಸ್ತು ಹಳತು, ಕೆಳಗಿನದು ಹೊಸತು. ಗೋಡೆಯಲ್ಲಿ ಚಮಚದಿಂದ ಕೆರೆದಂಥ ಗುಳಿಗಳ ಸಾಲು ಕಂಡರೆ ಅದೂ ನೀರಿನ ಗುರುತೇ. ಗುಳಿ ಚಿಕ್ಕದಾದಷ್ಟೂ ಅಲ್ಲಿ ಹರಿದ ನೀರಿನ ವೇಗ ಹೆಚ್ಚು.

ಅದೇ ಲೆಕ್ಕ, ಹಿಂದುಮುಂದಾಗಿ

ಕಲ್ಲನ್ನು ಕರಗಿಸಿಕೊಂಡ ನೀರು ಈಗ ಸುಣ್ಣದ ಅಂಶ ಹೊತ್ತು ಗುಹೆಯ ಚಾವಣಿಯಲ್ಲಿ ಹನಿಯಾಗಿ ಇಣುಕುತ್ತದೆ. ಆ ಹನಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚು, ಗುಹೆಯ ಗಾಳಿಯಲ್ಲಿ ಕಡಿಮೆ. ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಏನಾಗುತ್ತದೋ ಅದೇ ಇಲ್ಲಿ ಸದ್ದಿಲ್ಲದೆ ಆಗುತ್ತದೆ: ಅನಿಲ ಹಾರಿಹೋಗುತ್ತದೆ. ಹುಳಿ ಹೋದ ನೀರಿಗೆ ಸುಣ್ಣವನ್ನು ಹಿಡಿದಿಟ್ಟುಕೊಳ್ಳುವ ತ್ರಾಣವಿಲ್ಲ, ಕ್ಯಾಲ್ಸೈಟ್ ಎಂಬ ಹರಳಿನ ರೂಪದಲ್ಲಿ ಅಲ್ಲೇ ಬಿಟ್ಟುಬಿಡುತ್ತದೆ.

ನೀರು ಆವಿಯಾಗಿ ಸುಣ್ಣ ಉಳಿಯುತ್ತದೆ ಎಂದು ತುಂಬಾ ಜನ ತಿಳಿದಿದ್ದಾರೆ, ಕೆಲವು ಗೈಡ್‌ಗಳೂ ಹಾಗೆಯೇ ಹೇಳುತ್ತಾರೆ. ಆಳದ ಗುಹೆಯಲ್ಲಿ ಗಾಳಿಯ ತೇವ ನೂರಕ್ಕೆ ನೂರರ ಹತ್ತಿರ ಇರುತ್ತದೆ. ಒದ್ದೆ ಬಟ್ಟೆಯನ್ನೂ ಒಣಗಿಸದ ಗಾಳಿ ಹನಿಯನ್ನು ಒಣಗಿಸೀತೇ? ಹಾರಿಹೋಗುವುದು ನೀರಲ್ಲ, ಅನಿಲ. ಇದೊಂದು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸಲೀಸಾಗಿ ಅರ್ಥವಾಗುತ್ತದೆ.

ಹನಿ ಚಾವಣಿಯಲ್ಲಿ ನೇತಾಡುವಾಗ ಅದರ ಅಂಚಿನ ಸುತ್ತ ಸುಣ್ಣದ ಒಂದು ಉಂಗುರ ಕೂರುತ್ತದೆ. ಮುಂದಿನ ಹನಿ ಅದರ ಕೆಳಗೆ ಇನ್ನೊಂದು ಉಂಗುರ ಬಿಡುತ್ತದೆ. ಹೀಗೆ ಬೆಳೆಯುವುದು ಒಳಗೆ ಟೊಳ್ಳಾದ, ಸುಮಾರು ಐದು ಮಿಲಿಮೀಟರ್ ದಪ್ಪದ ಕೊಳವೆ. ಆ ದಪ್ಪ ಒಂದು ನೀರಹನಿಯ ದಪ್ಪವೇ. ಜಗತ್ತಿನ ಯಾವ ಗುಹೆಗೆ ಹೋದರೂ ಈ ಕೊಳವೆಗಳ ಅಳತೆ ಹೆಚ್ಚುಕಡಿಮೆ ಒಂದೇ. ಕೊಳವೆ ಎಲ್ಲಾದರೂ ಕಟ್ಟಿಕೊಂಡರೆ ನೀರು ಹೊರಮೈಮೇಲೆ ಇಳಿಯತೊಡಗುತ್ತದೆ, ಕೊಳವೆ ದಪ್ಪಗಾಗಿ ಬುಡ ಅಗಲ, ತುದಿ ಚೂಪಾದ ಸ್ಟ್ಯಾಲಕ್ಟೈಟ್ ಆಗುತ್ತದೆ. ಕೆಳಕ್ಕೆ ಬಿದ್ದ ಹನಿ ಸಿಡಿದು ಹರಡಿ ಉಳಿದ ಸುಣ್ಣವನ್ನು ನೆಲದಲ್ಲಿ ಬಿಡುತ್ತದೆ, ಅದು ಮೇಲೇಳುವ ಸ್ಟ್ಯಾಲಗ್ಮೈಟ್. ಬಿದ್ದು ಸಿಡಿದ ಹನಿಯಿಂದ ಆದದ್ದಕ್ಕೇ ಅದರ ತಲೆ ಮೊಂಡು. ಎರಡೂ ಕೂಡಿದರೆ ಕಂಬ. ಇಳಿಜಾರು ಚಾವಣಿಯಲ್ಲಿ ಹನಿ ಬೀಳದೆ ಜಾರಿಕೊಂಡು ಹೋದರೆ ಮಡಿಕೆ ಮಡಿಕೆಯಾದ ಕಲ್ಲಿನ ಪರದೆ. ಅದರ ಹಿಂದೆ ದೀಪ ಹಿಡಿದರೆ ಕಂದು ಬಿಳಿ ಪಟ್ಟೆಗಳು ಕಾಣುತ್ತವೆ. ಇವೆಲ್ಲಕ್ಕಿಂತ ವಿಚಿತ್ರ ಎಂದರೆ ಗುರುತ್ವಕ್ಕೆ ಕ್ಯಾರೇ ಅನ್ನದೆ ಪಕ್ಕಕ್ಕೂ ಮೇಲಕ್ಕೂ ಸೊಟ್ಟಸೊಟ್ಟ ಬೆಳೆಯುವ ಹೆಲಿಕ್ಟೈಟ್. ಅದರೊಳಗಿನ ನಾಳ ಎಷ್ಟು ಸಣ್ಣದೆಂದರೆ ಹನಿ ತೂಗಿ ಬೀಳುವ ಮಾತೇ ಇಲ್ಲ. ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ನೀರು ಎತ್ತ ಬೇಕಾದರೂ ಜಿನುಗುತ್ತದೆ.

ನನ್ನದೊಂದು ತಕರಾರು ಇದೆ. ಎಲ್ಲ ಗುಹೆಯಲ್ಲೂ ಗೈಡ್ ಟಾರ್ಚ್ ತೋರಿಸಿ, ಇದು ಆನೆ, ಇದು ಸಿಂಹ, ಇದು ಧ್ಯಾನಕ್ಕೆ ಕೂತ ಮುನಿ ಎನ್ನುತ್ತಾರೆ. ಮಕ್ಕಳಿಗೆ ಖುಷಿ, ಸರಿ. ಆದರೆ ಆನೆ ಕಂಡ ಕೂಡಲೇ ನಾವು ಹನಿಯನ್ನು ನೋಡುವುದು ಬಿಡುತ್ತೇವೆ. ತುದಿಯಲ್ಲಿ ಈಗ ಹನಿ ಇದೆಯೇ, ಒಣಗಿದೆಯೇ? ಹನಿಯಿದ್ದರೆ ಆ ಕಲ್ಲು ನಿಮ್ಮೆದುರಲ್ಲೇ ಬೆಳೆಯುತ್ತಿರುವ ಸಾಧ್ಯತೆ ಇದೆ.

ಬೆಳೆಯುವ ವೇಗ ಗುಹೆಯಿಂದ ಗುಹೆಗೆ, ಹನಿಯಿಂದ ಹನಿಗೆ ಬೇರೆ. ವರ್ಷಕ್ಕೆ ಮಿಲಿಮೀಟರಿನ ಹತ್ತನೇ ಒಂದು ಭಾಗ ಎಂದು ಇಟ್ಟುಕೊಂಡರೂ ಒಂದು ಬೆರಳುದ್ದಕ್ಕೆ ಏಳುನೂರು ವರ್ಷ. ಸೇತುವೆಯ ಕೆಳಗೂ ಕಟ್ಟಡದ ನೆಲಮಾಳಿಗೆಯಲ್ಲೂ ಇಂಥದೇ ಬಿಳಿ ಕೊಳವೆಗಳು ಕೆಲವೇ ವರ್ಷಗಳಲ್ಲಿ ನೇತಾಡುತ್ತವಲ್ಲ ಎಂದು ಕೇಳಬಹುದು. ಅಲ್ಲಿನ ರಸಾಯನ ಬೇರೆ. ಕಾಂಕ್ರೀಟಿನಿಂದ ಸೋರುವ ನೀರು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಂಡು ಸುಣ್ಣ ಕಟ್ಟುತ್ತದೆ. ಗುಹೆಯ ಹನಿ ಅದನ್ನು ಬಿಟ್ಟುಕೊಟ್ಟು ಕಟ್ಟುತ್ತದೆ. ಕಣ್ಣಿಗೆ ಒಂದೇ ಥರ ಕಂಡರೂ ದಾರಿ ತದ್ವಿರುದ್ಧ.

ಮುಟ್ಟಬೇಡಿ ಎನ್ನುವುದೂ ಈ ಹನಿಯ ಕಾರಣಕ್ಕೇ. ಬೆರಳಿನ ಜಿಡ್ಡು ಕಲ್ಲಿಗೆ ಹತ್ತಿದರೆ ನೀರಿನ ಪೊರೆ ಅಲ್ಲಿ ಸರಿಯಾಗಿ ಕೂರುವುದಿಲ್ಲ, ಕೊಳೆ ಮಾತ್ರ ಅಂಟಿಕೊಳ್ಳುತ್ತದೆ. ಹಳೆಯ ಪ್ರವಾಸಿ ಗುಹೆಗಳಲ್ಲಿ ಕೈಗೆಟಕುವ ಎತ್ತರದವರೆಗೆ ಕಲ್ಲು ಕಪ್ಪಗೆ ನುಣ್ಣಗಾಗಿ, ಅದರ ಮೇಲೆ ಬೆಳ್ಳಗೆ ಉಳಿದಿರುವುದನ್ನು ನೋಡಬಹುದು.

ಕಳೆದುಕೊಳ್ಳುವುದು ಅಂದವನ್ನಷ್ಟೇ ಅಲ್ಲ. ಸ್ಟ್ಯಾಲಗ್ಮೈಟನ್ನು ಉದ್ದಕ್ಕೆ ಸೀಳಿದರೆ ಪದರಗಳು ಸಿಗುತ್ತವೆ. ಹನಿ ತಂದ ಯುರೇನಿಯಂ ಎಷ್ಟು ಥೋರಿಯಂ ಆಗಿದೆ ಎಂದು ಅಳೆದು ಪದರದ ವಯಸ್ಸು ಹೇಳುತ್ತಾರೆ. ಐದು ಲಕ್ಷ ವರ್ಷ ಹಿಂದಿನವರೆಗೂ ಈ ಲೆಕ್ಕ ನಡೆಯುತ್ತದೆ. ಅದರಲ್ಲಿನ ಆಮ್ಲಜನಕದ ಭಾರದ ಮತ್ತು ಹಗುರದ ಬಗೆಗಳ ಪ್ರಮಾಣ ನೋಡಿ ಆಗಿನ ಮಳೆಯ ಸ್ಥಿತಿ ಊಹಿಸುತ್ತಾರೆ. ಮೇಘಾಲಯದ ಚಿರಾಪುಂಜಿ ಬಳಿಯ ಮಾವ್ಮ್ಲು ಗುಹೆಯ ಒಂದು ಸ್ಟ್ಯಾಲಗ್ಮೈಟ್ ಸುಮಾರು 4,200 ವರ್ಷಗಳ ಹಿಂದೆ ಮುಂಗಾರು ಕುಸಿದದ್ದನ್ನು ಹೀಗೆ ಬಯಲಿಗೆ ತಂದಿತು. 2018ರಲ್ಲಿ ಭೂವಿಜ್ಞಾನಿಗಳು ಅಲ್ಲಿಂದ ಇಲ್ಲಿಯವರೆಗಿನ ಕಾಲಕ್ಕೆ ‘ಮೇಘಾಲಯನ್ ಯುಗ’ ಎಂದು ಅಧಿಕೃತವಾಗಿ ಹೆಸರಿಟ್ಟರು. ಭೂಮಿಯ ಇತಿಹಾಸದಲ್ಲಿ ನಾವೀಗ ಬದುಕುತ್ತಿರುವ ಅಧ್ಯಾಯದ ಗಡಿಕಲ್ಲು ಒಂದು ಗುಹೆಯ ಹನಿಗಲ್ಲು.

ಬಾಗಿಲಲ್ಲಿ ಬೀಸುವ ಗಾಳಿ

ಗುಹೆಯೊಳಗೆ ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ ಎನ್ನುತ್ತಾರೆ. ಬದಲಾಗುವುದು ಹೊರಗೇ, ಒಳಗಲ್ಲ. ಹತ್ತಾರು ಮೀಟರ್ ದಪ್ಪದ ಕಲ್ಲು ಬಿಸಿಲು ಚಳಿ ಎರಡನ್ನೂ ತಡೆದು ಸರಾಸರಿಯನ್ನಷ್ಟೇ ಒಳಕ್ಕೆ ಬಿಡುತ್ತದೆ. ಆದ್ದರಿಂದ ಆಳದ ಗುಹೆಯ ಉಷ್ಣತೆ ಹೆಚ್ಚುಕಡಿಮೆ ಆ ಜಾಗದ ವರ್ಷದ ಸರಾಸರಿ ಉಷ್ಣತೆಯೇ. ಸ್ಲೊವೇನಿಯಾದ ಪೊಸ್ಟೊಯ್ನಾ ಗುಹೆಯಲ್ಲಿ ವರ್ಷವಿಡೀ ಸುಮಾರು 10 ಡಿಗ್ರಿ. ಎತ್ತರ ಸಾವಿರ ಮೀಟರ್ ಏರಿದರೆ ಗಾಳಿ ಸರಾಸರಿ ಆರೂವರೆ ಡಿಗ್ರಿ ತಣ್ಣಗಾಗುತ್ತದೆ, ಗುಹೆಯೂ ಅದನ್ನೇ ಅನುಸರಿಸುತ್ತದೆ. ಕೆಳಗಿನ ಬಯಲಲ್ಲಿ ಬೆವರುತ್ತಿದ್ದವರು ಬೆಟ್ಟದ ಗುಹೆಗೆ ತೆಳ್ಳನೆಯ ಅಂಗಿಯಲ್ಲಿ ಹೋಗಿ ನಡುಗುವುದು ಹೀಗೆ. ಬೆಚ್ಚನೆಯ ಉಡುಪು, ಒದ್ದೆ ಮೆಟ್ಟಿಲಲ್ಲಿ ಜಾರದ ಬೂಟು, ಇವೆರಡು ಇದ್ದರೆ ಸಾಕು.

ಬೆಟ್ಟದ ಗುಹೆಗೆ ಮೇಲೊಂದು, ಕೆಳಗೊಂದು ಬಾಯಿ ಇದ್ದರೆ ಅದು ಹೊಗೆಗೂಡಿನ ಹಾಗೆ ಕೆಲಸ ಮಾಡುತ್ತದೆ. ಬೇಸಿಗೆಯಲ್ಲಿ ಒಳಗಿನ ತಂಪು ಗಾಳಿ ಭಾರ, ಕೆಳಬಾಯಿಯಿಂದ ಸುರಿಯುತ್ತದೆ. ಬಾಗಿಲು ತೆರೆದಾಗ ಮುಖಕ್ಕೆ ಬಡಿಯುವುದು ಅದೇ. ಚಳಿಗಾಲದಲ್ಲಿ ಒಳಗಿನದು ಹಗುರ, ಮೇಲಿಂದ ಹೊರಟು ಕೆಳಗಿಂದ ಶೀತಗಾಳಿಯನ್ನು ಎಳೆದುಕೊಳ್ಳುತ್ತದೆ. ಆಸ್ಟ್ರಿಯಾದ ವೆರ್ಫೆನ್ ಎಂಬ ಊರಿನ ಮೇಲೆ, 1,641 ಮೀಟರ್ ಎತ್ತರದಲ್ಲಿ ಬಾಯಿ ತೆರೆದಿರುವ ಐಸ್‌ರೀಸನ್‌ವೆಲ್ಟ್ ಗುಹೆ ಹೀಗೆಯೇ ಹಿಮಗುಹೆಯಾಗಿದೆ. ಚಳಿಗಾಲದಲ್ಲಿ ಒಳನುಗ್ಗಿದ ಗಾಳಿ ಬಂಡೆಯನ್ನೇ ಸೊನ್ನೆಗಿಂತ ಕೆಳಕ್ಕೆ ತಣ್ಣಗಾಗಿಸುತ್ತದೆ, ವಸಂತದಲ್ಲಿ ಮೇಲೆ ಕರಗಿದ ಹಿಮದ ನೀರು ಒಳಕ್ಕಿಳಿದು ಅಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ನಲವತ್ತು ಕಿಲೋಮೀಟರಿಗೂ ಹೆಚ್ಚು ಉದ್ದದ ಆ ಗುಹೆಯಲ್ಲಿ ಮಂಜುಗಡ್ಡೆ ಇರುವುದು ಬಾಗಿಲಿಂದ ಸುಮಾರು ಒಂದು ಕಿಲೋಮೀಟರ್ ಮಾತ್ರ. ಅಲ್ಲಿ ವಿದ್ಯುತ್ ದೀಪದ ಸಾಲು ಹಾಕಿಲ್ಲ, ನೋಡುಗರ ಕೈಗೆ ಕಾರ್ಬೈಡ್ ಲಾಂದ್ರ ಕೊಡುತ್ತಾರೆ. ಬಣ್ಣಬಣ್ಣದ ದೀಪ ಹಾಕಿ ಕಲ್ಲನ್ನು ಮಿಠಾಯಿ ಮಾಡುವುದಕ್ಕಿಂತ ನನಗೆ ಅದೇ ಇಷ್ಟ.

ಈ ಗಾಳಿಯೇ ಗುಹೆಯೊಳಗಿನ ಇಂಗಾಲದ ಡೈಆಕ್ಸೈಡನ್ನು ಗುಡಿಸಿ ಹಾಕುತ್ತಿರುತ್ತದೆ. ಗಾಳಿಯಾಡುವ ತಿಂಗಳುಗಳಲ್ಲಿ ಹನಿಯಿಂದ ಅನಿಲ ಬೇಗ ಹಾರಿ ಸುಣ್ಣ ಹೆಚ್ಚು ಕಟ್ಟುತ್ತದೆ, ಗಾಳಿ ನಿಂತಾಗ ಕಡಿಮೆ.

ಈಗ ನಾವು ಒಳಗೆ ಹೋಗುತ್ತೇವೆ

ನಾವು ಬಿಡುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಶೇಕಡ ನಾಲ್ಕರಷ್ಟು, ಹೊರಗಾಳಿಯ ನೂರು ಪಟ್ಟು. ನಿಧಾನವಾಗಿ ನಡೆಯುವ ಒಬ್ಬರು ಗಂಟೆಗೆ ಮೂವತ್ತು ಲೀಟರ್ ಬಿಟ್ಟರೆಂದುಕೊಂಡರೆ, ಇಪ್ಪತ್ತೈದು ಜನರ ಗುಂಪು ಗಂಟೆಯಲ್ಲಿ ಏಳುನೂರೈವತ್ತು ಲೀಟರ್ ಒಳಗೆ ಬಿಟ್ಟು ಬರುತ್ತದೆ. ಜೊತೆಗೆ ಒಬ್ಬೊಬ್ಬರೂ ನೂರು ವಾಟ್ ಬಲ್ಬಿಗಿಂತ ಕಡಿಮೆಯಿಲ್ಲದ ಶಾಖ, ಬೆವರು ಮತ್ತು ಉಸಿರಿನ ತೇವ. ಗಾಳಿ ಚೆನ್ನಾಗಿ ಆಡುವ ದೊಡ್ಡ ಗುಹೆ ಇದನ್ನು ರಾತ್ರಿಯೊಳಗೆ ಹೊರಹಾಕಿಬಿಡಬಹುದು. ಸಣ್ಣ, ಮುಚ್ಚಿದಂಥ ಗುಹೆಯಲ್ಲಿ ಇದು ದಿನದಿಂದ ದಿನಕ್ಕೆ ಸೇರುತ್ತ ಹೋಗುತ್ತದೆ.

ಸೇರಿದರೇನು? ಮೊದಲನೆಯದು, ಗಾಳಿಯಲ್ಲೇ ಅನಿಲ ಹೆಚ್ಚಿದ್ದರೆ ಹನಿಯಿಂದ ಹಾರಿಹೋಗಲು ಎಡೆಯಿಲ್ಲ, ಬೆಳವಣಿಗೆ ಕುಂಟುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು. ನಮ್ಮ ಉಸಿರಿನ ಬೆಚ್ಚನೆಯ ತೇವ ತಣ್ಣನೆಯ ಗೋಡೆಗೆ ತಾಗಿ ಬೆವರಿನಂತೆ ಕೂರುತ್ತದೆ. ಇದು ಮಣ್ಣಿನಿಂದ ಇಳಿದ ನೀರಲ್ಲ, ಇದರಲ್ಲಿ ಕಲ್ಲಿನ ಅಂಶ ಏನೂ ಇಲ್ಲ. ಸುತ್ತಲಿನ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಹುಳಿಯಾಗಿ ಇದು ಕೂತಲ್ಲೇ ಕ್ಯಾಲ್ಸೈಟನ್ನು ಕರಗಿಸತೊಡಗುತ್ತದೆ. ಮೇಲಿನ ಮಣ್ಣಿನ ಉಸಿರು ಮಾಡಿದ ಕೆಲಸವನ್ನೇ ನಮ್ಮ ಉಸಿರು ಒಳಗಿನಿಂದ ಮಾಡುತ್ತದೆ, ಆದರೆ ತಪ್ಪಾದ ಜಾಗದಲ್ಲಿ.

ಫ್ರಾನ್ಸಿನ ಮೊಂಟಿನ್ಯಾಕ್ ಊರಿನ ಗುಡ್ಡದಲ್ಲಿರುವ ಲಾಸ್ಕೋ ಗುಹೆ ಇದರ ದೊಡ್ಡ ಪಾಠ. 1940ರ ಸೆಪ್ಟೆಂಬರಿನಲ್ಲಿ ನಾಲ್ವರು ಹುಡುಗರ ಕಣ್ಣಿಗೆ ಬಿದ್ದ, ಸಾವಿರಾರು ವರ್ಷ ಹಳೆಯ ಗೂಳಿ ಕುದುರೆಗಳ ವರ್ಣಚಿತ್ರಗಳ ಗುಹೆ ಅದು. 1948ರಲ್ಲಿ ಜನರಿಗೆ ತೆರೆದರು. 1955ರ ಹೊತ್ತಿಗೆ ದಿನಕ್ಕೆ ಸುಮಾರು 1,200 ಜನ ಬರುತ್ತಿದ್ದರು. ಗೋಡೆಗಳು ಬೆವರಿದವು, ದೀಪದ ಬೆಳಕಿಗೆ ಹಸಿರು ಪಾಚಿ ಹಬ್ಬಿತು, ಚಿತ್ರಗಳ ಮೇಲೆ ಕ್ಯಾಲ್ಸೈಟಿನ ಬಿಳಿ ಪೊರೆ ಬೆಳೆಯಿತು. 1963ರಲ್ಲಿ ಮುಚ್ಚಿದರು. ಮುಚ್ಚಿದರೂ ಗುಹೆ ಪೂರ್ತಿ ಚೇತರಿಸಿಕೊಳ್ಳಲಿಲ್ಲ. 2001ರಲ್ಲಿ ಬಿಳಿ ಶಿಲೀಂಧ್ರ ನೆಲ ಗೋಡೆ ಆವರಿಸಿತು. ಈಗ ಪ್ರವಾಸಿಗರು ನೋಡುವುದು ನಕಲನ್ನು, ಅದರ ಮೊದಲ ನಕಲು 1983ರಲ್ಲಿ ತೆರೆಯಿತು. 1994ರಲ್ಲಿ ಸಿಕ್ಕ, ಫ್ರಾನ್ಸಿನದೇ ಇನ್ನೊಂದು ಚಿತ್ರಗಳ ಗುಹೆಯಾದ ಶೋವೆಯನ್ನಂತೂ ಸಾರ್ವಜನಿಕರಿಗೆ ತೆರೆಯಲೇ ಇಲ್ಲ.

ಚಿತ್ರಗಳಿಲ್ಲದ ಮಾಮೂಲಿ ಗುಹೆಯಲ್ಲೂ ದೀಪದ ತೊಂದರೆ ಇದ್ದದ್ದೇ. ಕತ್ತಲಲ್ಲಿ ಹಸಿರು ಬೆಳೆಯುವುದಿಲ್ಲ. ಬಲ್ಬ್ ಹಾಕಿದ ಕಡೆ ಪಾಚಿ, ಹಾವಸೆ, ಪುಟ್ಟ ಜರೀಗಿಡ ತಲೆಯೆತ್ತುತ್ತವೆ. ಬೀಜಕಣಗಳು ಗಾಳಿಯಲ್ಲೂ ನಮ್ಮ ಬಟ್ಟೆಯಲ್ಲೂ ಬಂದಿರುತ್ತವೆ. ಗೈಡ್ ನಿಮ್ಮ ಹಿಂದೆಯೇ ಸ್ವಿಚ್ ಆರಿಸುತ್ತ ಬರುವುದು ಕರೆಂಟ್ ಉಳಿಸುವುದಕ್ಕೆ ಮಾತ್ರವಲ್ಲ. ಇನ್ನು ಬಟ್ಟೆಯ ನವಿರೆಳೆ, ಕೂದಲು, ಉದುರಿದ ಚರ್ಮದ ಪುಡಿ. ಇವು ಹಾದಿಯ ಅಕ್ಕಪಕ್ಕ ಬೂದು ಬಣ್ಣದ ಪದರವಾಗಿ ಕೂರುತ್ತವೆ. ಅಮೆರಿಕದ ಕಾರ್ಲ್ಸ್‌ಬಾಡ್ ಗುಹೆಯಲ್ಲಿ ಸ್ವಯಂಸೇವಕರು ಬ್ರಷ್, ಚಿಮಟ ಹಿಡಿದು ಇದನ್ನು ಹೆಕ್ಕಿ ತೆಗೆಯುತ್ತಾರೆ.

ಇದನ್ನೆಲ್ಲ ಮೊದಲೇ ಯೋಚಿಸಿ ತೆರೆದ ಗುಹೆಯೂ ಒಂದಿದೆ. ಅರಿಜೋನಾದ ಕಾರ್ಟ್‌ನರ್ ಗುಹೆಯನ್ನು 1974ರಲ್ಲಿ ರ್‍ಯಾಂಡಿ ಟಫ್ಟ್ಸ್, ಗ್ಯಾರಿ ಟೆನೆನ್ ಎಂಬಿಬ್ಬರು ಕಂಡುಹಿಡಿದರು. ಊರಿಗೆಲ್ಲ ಡಂಗುರ ಸಾರದೆ ಗುಟ್ಟಾಗಿಟ್ಟರು. ಹೊರಜಗತ್ತಿಗೆ ಗೊತ್ತಾದದ್ದು 1988ರಲ್ಲಿ, ಜನ ಒಳಗೆ ಕಾಲಿಟ್ಟದ್ದು 1999ರಲ್ಲಿ. ಮರುಭೂಮಿಯ ಒಣಗಾಳಿ ನುಗ್ಗಿದರೆ ಹಸಿ ಗುಹೆ ಒಣಗಿಹೋಗುತ್ತದೆಂದು ಒಂದು ಬಾಗಿಲು ಮುಚ್ಚಿದ ಮೇಲಷ್ಟೇ ಇನ್ನೊಂದು ತೆರೆಯುವಂತೆ ಸಾಲು ಬಾಗಿಲುಗಳನ್ನಿಟ್ಟರು. ಬಟ್ಟೆಯ ಧೂಳು ಹಾರದಂತೆ ಒಳಹೋಗುವವರ ಮೇಲೆ ತೆಳುವಾಗಿ ನೀರಿನ ತುಂತುರು ಬಿಡುತ್ತಾರೆ. ಬಾವಲಿಗಳು ಮರಿ ಹಾಕುವ ಬೇಸಿಗೆ ತಿಂಗಳುಗಳಲ್ಲಿ ದೊಡ್ಡ ಕೋಣೆಗೆ ಪ್ರವೇಶವಿಲ್ಲ.

ಬಾವಲಿಯ ಮಾತು ಬಂದದ್ದರಿಂದ ಬೂಟಿನ ಮಾತೂ ಹೇಳಬೇಕು. ಕೆಲವು ಗುಹೆಗಳಲ್ಲಿ, ಇದೇ ಬೂಟು ಹಾಕಿಕೊಂಡು ಬೇರೆ ಗುಹೆಗೆ ಹೋಗಿದ್ದಿರಾ ಎಂದು ಕೇಳುತ್ತಾರೆ, ಸಾಬೂನು ನೀರಿನ ಚಾಪೆಯ ಮೇಲೆ ನಡೆಸುತ್ತಾರೆ. 2006ರಲ್ಲಿ ನ್ಯೂಯಾರ್ಕ್ ರಾಜ್ಯದ ಗುಹೆಯೊಂದರಲ್ಲಿ ಮೂತಿಯ ಮೇಲೆ ಬಿಳಿ ಬೂಷ್ಟು ಹಿಡಿದ ಬಾವಲಿಗಳು ಮೊದಲು ಕಂಡವು. ಆ ಶಿಲೀಂಧ್ರ ಚಳಿಗಾಲದ ನಿದ್ದೆಯಲ್ಲಿದ್ದ ಬಾವಲಿಗಳನ್ನು ಪದೇ ಪದೇ ಎಬ್ಬಿಸಿ, ಕೂಡಿಟ್ಟ ಕೊಬ್ಬು ಮುಗಿದು ಸಾಯುವಂತೆ ಮಾಡುತ್ತದೆ. ಉತ್ತರ ಅಮೆರಿಕದಲ್ಲಿ ಲಕ್ಷಗಟ್ಟಲೆ ಬಾವಲಿಗಳು ಹೀಗೆ ಸತ್ತವು. ಮನುಷ್ಯರಿಗೆ ಅದು ಏನೂ ಮಾಡುವುದಿಲ್ಲ, ಆದರೆ ಬೂಟಿನ ಮಣ್ಣಲ್ಲಿ ಪ್ರಯಾಣ ಮಾಡುತ್ತದೆ.

ಆ ಕಲ್ಲೆಲ್ಲ ಎಲ್ಲಿ ಹೋಯಿತು

ಗುಹೆಯಿಂದ ಹೊರಬಿದ್ದು ಊರಿನ ಕಡೆ ಇಳಿಯುವಾಗ ಸುತ್ತಲಿನ ನೆಲ ನೋಡಿ. ಇಂಥ ಬೆಟ್ಟದ ಮೇಲ್ಭಾಗದಲ್ಲಿ ಹಳ್ಳಕೊಳ್ಳ ಕಡಿಮೆ. ಬಿದ್ದ ಮಳೆ ಬಟ್ಟಲಿನಂಥ ಕುಳಿಗಳಲ್ಲಿ ಇಂಗಿ ಮಾಯವಾಗುತ್ತದೆ, ಬೆಟ್ಟದ ಬುಡದಲ್ಲಿ ಒಂದೇ ದೊಡ್ಡ ಒರತೆಯಾಗಿ ಹೊರಬರುತ್ತದೆ. ಒರತೆ ಇದ್ದಲ್ಲಿ ಊರು. ಮರಳು, ಮಣ್ಣಿನ ಪದರದಲ್ಲಿ ಸೋಸಿ ಬರುವ ನೀರಲ್ಲ ಇದು. ಗುಹೆಯ ಕೊಳವೆಯಲ್ಲಿ ನೇರವಾಗಿ ಹರಿದು ಬಂದದ್ದು. ಮೇಲೆ ಜೋರು ಮಳೆಯಾದರೆ ಕೆಳಗೆ ಸುರಂಗದಲ್ಲಿ ನೀರು ಗಂಟೆಗಳಲ್ಲೇ ಏರಬಹುದು, ಹಾಗಾಗಿ ತೊರೆ ಹರಿಯುವ ಗುಹೆಗಳನ್ನು ಮಳೆಗಾಲದಲ್ಲಿ ಮುಚ್ಚುತ್ತಾರೆ. ಮೇಲಿನ ಕುಳಿಗೆ ಎಸೆದ ಕಸವೂ ಅಷ್ಟೇ ಸಲೀಸಾಗಿ ಕೆಳಗಿಳಿಯುತ್ತದೆ. 1901ರ ಆಗಸ್ಟಿನಲ್ಲಿ ಫ್ರಾನ್ಸಿನ ಪೊಂಟಾರ್ಲಿಯೆ ಪಟ್ಟಣದ ಆಬ್ಸಿಂಥ್ ಮದ್ಯದ ಕಾರ್ಖಾನೆಯೊಂದಕ್ಕೆ ಸಿಡಿಲು ಬಡಿದು ಬೆಂಕಿ ಹತ್ತಿದಾಗ, ಪೀಪಾಯಿಗಳು ಸಿಡಿಯದಿರಲೆಂದು ಮದ್ಯವನ್ನು ಡೂ ನದಿಗೆ ಹರಿಯಬಿಟ್ಟರು. ಎರಡು ದಿನದ ಮೇಲೆ ಬೆಟ್ಟದ ಆಚೆ, ಲೂ ಎಂಬ ಬೇರೆಯೇ ನದಿ ಹುಟ್ಟುವ ಒರತೆ ಆಬ್ಸಿಂಥ್ ವಾಸನೆ ಹೊಡೆಯಿತು. ಅದು ಸ್ವತಂತ್ರ ಒರತೆಯಲ್ಲ, ಡೂ ನದಿಯ ನೀರೇ ನೆಲದಡಿ ಹಾದು ಅಲ್ಲಿ ಹೊರಬರುತ್ತಿದೆ ಎಂದು ಗೊತ್ತಾದದ್ದು ಹೀಗೆ.

ಗುಹೆಯ ಖಾಲಿ ಜಾಗದಲ್ಲಿ ಮೊದಲಿದ್ದ ಕಲ್ಲೂ ಇದೇ ಒರತೆಯ ದಾರಿಯಲ್ಲಿ ಹೋಯಿತು, ಈಗಲೂ ಹೋಗುತ್ತಿದೆ. ನೀರು ತಿಳಿಯಾಗಿ ಕಾಣುತ್ತದೆ, ಆದರೆ ಗಡಸು ನೀರು. ಆ ಊರಿನಲ್ಲಿ ಯಾರಾದರೂ ನೀರು ಕಾಯಿಸುವ ಪಾತ್ರೆಯ ತಳ ತೋರಿಸಿದರೆ ಬಗ್ಗಿ ನೋಡಿ. ಬಿಳಿ ಪೊರೆ ಕಟ್ಟಿರುತ್ತದೆ. ಬಿಸಿಗೆ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ನೀರು ಬಿಟ್ಟುಕೊಟ್ಟ ಸುಣ್ಣ ಅದು. ಗುಹೆಯ ಚಾವಣಿಯಲ್ಲಿ ಹನಿ ಸಾವಿರ ವರ್ಷ ಹಿಡಿದು ಮಾಡುವ ಕೆಲಸವನ್ನು ಒಲೆ ಕೆಲವೇ ವಾರಗಳಲ್ಲಿ ಮಾಡಿ ಮುಗಿಸಿರುತ್ತದೆ, ಮನೆಯವರು ಅದನ್ನು ಕೆರೆದು ತೆಗೆಯುತ್ತಾ ಬೈದುಕೊಳ್ಳುತ್ತಿರುತ್ತಾರೆ.